ಕಡಲೆಯಲ್ಲಿ ಕಂಬೈನ್ ಡ್ರಮ್ ಜಾಮ್ ಆಗುತ್ತಿದೆಯೇ? ಜಾಳಿಗೆ ಕತ್ತರಿಸುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಾವು ಬಸವನ ಬಾಗೇವಾಡಿ ತಾಲೂಕಿನವರು. ಪಂಜಾಬ್ ಕಡೆ ಗೋಧಿಯಲ್ಲಿ ಓಡಿದ್ದ 14 ಅಡಿ ಕಟರ್ ಬಾರಿನ (ಮುಂದಿನ ಕೊಯ್ಯುವ ಪಟ್ಟಿಯ) ಹಳೆ ಕಂಬೈನ್ (ಕೊಯ್ದು ಒಕ್ಕುವ ಮಿಷನ್) ಕೊಂಡಿದ್ದೇವೆ. ಗೋಧಿಯಲ್ಲಿ ಏನೂ ತಕರಾರಿಲ್ಲ. ಆದರೆ ಜೆಜಿ-11 ತಳಿಯ ಕಡಲೆಗೆ ಹಾಕಿದರೆ ಕಾಳು ಬಿಡಿಸುವ ಡ್ರಮ್ ಗುರ್ ಗುರ್ ಅಂತ ಸದ್ದು ಮಾಡುತ್ತದೆ, ಆಮೇಲೆ ಜಾಮ್ ಆಗಿ ನಿಲ್ಲುತ್ತದೆ. ಕಾಳು ಒಡೆಯುತ್ತದೆ ಅಂತ ಪುಲ್ಲಿ ಬದಲಿಸಿ ಡ್ರಮ್ ಸ್ಪೀಡನ್ನು ನಿಮಿಷಕ್ಕೆ 900 ಸುತ್ತಿನಿಂದ 500ಕ್ಕೆ ಇಳಿಸಿದೆವು. ಒಡೆಯುವುದು ಕಡಿಮೆ ಆಯಿತು, ಜಾಮ್ ಜಾಸ್ತಿ ಆಯಿತು. 700 ಮಾಡಿದರೆ ಮತ್ತೆ ಕಾಳು ಒಡೆದು ಬೇಳೆ ಆಗುತ್ತದೆ. ಫಿಟ್ಟರ್ ಕೇಳಿದರೆ ಕಾನ್ಕೇವಿನ (ಡ್ರಮ್ ಕೆಳಗಿನ ಬಾಗಿದ ಜಾಳಿಗೆಯ) ತಂತಿ ಒಂದು ಬಿಟ್ಟು ಒಂದು ಕತ್ತರಿಸೋಣ, ಡ್ರಮ್ಮಿಗೆ ಪ್ಲೇಟ್ ವೆಲ್ಡ್ ಮಾಡೋಣ ಅಂತಾರೆ. ಪಕ್ಕದ ಊರಿನವರು ಮುಳ್ಳಿನ ಡ್ರಮ್ ಹಾಕಿಸಿ ಅಂತಾರೆ. ಯಾವುದು ಸರಿ?

ಉತ್ತರ: ಮೂರಕ್ಕೂ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮುಳ್ಳಿನ ಡ್ರಮ್ ಬೇಡ. ಡ್ರಮ್ಮಿಗೆ ಪ್ಲೇಟ್ ಹಾಕಿಸುವುದು ಒಳ್ಳೆಯದು, ಆದರೆ ಬೋಲ್ಟ್ ಹಾಕಿ ಕೂರಿಸಿ, ವೆಲ್ಡ್ ಮಾಡಿಸಬೇಡಿ. ಕಾನ್ಕೇವ್ ತಂತಿ ತೆಗೆಸುವುದು ಎಲ್ಲಕ್ಕಿಂತ ಕೊನೆಯ ಕೆಲಸ, ಅದೂ ಈಗ ಮಿಷನ್ನಿನಲ್ಲಿರುವ ಜಾಳಿಗೆಗೆ ಕೈ ಹಚ್ಚಬೇಡಿ. ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತೊಂದರೆ ಕಾಣಿಸುತ್ತಿರುವುದು ಡ್ರಮ್ಮಿನಲ್ಲಿ. ನಿಮ್ಮ ವಿವರಣೆ ನೋಡಿದರೆ ಅದರ ಬಹುಪಾಲು ಹುಟ್ಟುತ್ತಿರುವುದು ಡ್ರಮ್ಮಿನ ಮುಂದೆ.

ಯಾಕೆ ಅಂತ ಕೇಳಿ. ಒಂದು ಎಕರೆ ಗೋಧಿಯ ಹುಲ್ಲು, ತೆನೆ ಎಲ್ಲ ಸೇರಿಸಿದರೆ ಎಷ್ಟು ಸರಕು ಆಗುತ್ತದೋ, ನಮ್ಮ ಕಡೆಯ ಒಣ ಬೇಸಾಯದ ಕಡಲೆಯಲ್ಲಿ ಅದರ ಅರ್ಧವೂ ಆಗುವುದಿಲ್ಲ. ಗೋಧಿಯನ್ನು ನುಂಗುವ ಡ್ರಮ್ಮಿಗೆ ಕಡಲೆ ಭಾರ ಆಗಲೇಬಾರದು. ಅಂದಮೇಲೆ ಜಾಮ್ ಆಗುವುದು ಸರಕು ಜಾಸ್ತಿಯಾಗಿ ಅಲ್ಲ. ಸರಕು ಗುಡ್ಡೆ ಗುಡ್ಡೆಯಾಗಿ ಬರುತ್ತಿದೆ. ನೀವು ಬರೆದ ಆ ಗುರ್ ಗುರ್ ಸದ್ದು ಅದೇ. ಒಂದೊಂದು ಗುರ್‌ಗೆ ಒಂದೊಂದು ಗುಡ್ಡೆ ಒಳಗೆ ಹೋಗುತ್ತಿದೆ ಅಂತ ಲೆಕ್ಕ. ಸರಕು ಸಮನಾಗಿ ಹೋಗುತ್ತಿದ್ದರೆ ಡ್ರಮ್ಮಿನ ಸದ್ದು ಒಂದೇ ಸಮ ಇರುತ್ತದೆ.

ಈಗ ಸ್ಪೀಡ್ ಇಳಿಸಿದಾಗ ಏನಾಯಿತು ನೋಡಿ. ನಮ್ಮಲ್ಲಿ ಓಡುವ ಇಂಥ ಮಿಷನ್‌ಗಳ ಡ್ರಮ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಆಸುಪಾಸಿನ ವ್ಯಾಸದ್ದು, ಅದರ ಮೇಲೆ 8 ರಾಸ್ಪ್ ಬಾರ್ (ಸರಕನ್ನು ಹೊಡೆದು ಉಜ್ಜುವ ಗೆರೆಯ ಪಟ್ಟಿ) ಇರುತ್ತವೆ. 900 ಸುತ್ತಿನಲ್ಲಿ ಬಾರಿನ ತುದಿ ಸೆಕೆಂಡಿಗೆ 28 ಮೀಟರ್ ವೇಗದಲ್ಲಿ ಹೊಡೆಯುತ್ತದೆ. 500ರಲ್ಲಿ ಅದು 16 ಮೀಟರಿಗೆ ಇಳಿಯುತ್ತದೆ. ಕಡಲೆಗೆ ಇದು ಸರಿಯಾದ ವೇಗ. ಕಾಳು ಒಡೆಯುವುದು ಕಡಿಮೆ ಆಗಿದ್ದು ಅದಕ್ಕೇ. ಆದರೆ ಫೀಡರ್ ಚೈನ್ ಮೊದಲಿನ ಸ್ಪೀಡಿನಲ್ಲೇ ಓಡುತ್ತಿದೆ ಅಲ್ವಾ? ಚೈನ್ ಸೆಕೆಂಡಿಗೆ 3 ಮೀಟರ್ ಸರಕು ತರುತ್ತದೆ ಅಂದುಕೊಳ್ಳಿ. 900 ಸುತ್ತಿನಲ್ಲಿ ಸೆಕೆಂಡಿಗೆ 120 ಹೊಡೆತ, ಒಂದೊಂದು ಬಾರಿನ ಪಾಲಿಗೆ ಎರಡೂವರೆ ಸೆಂಟಿಮೀಟರ್ ಸರಕು. 500 ಸುತ್ತಿನಲ್ಲಿ 67 ಹೊಡೆತ, ಒಂದೊಂದು ಬಾರಿಗೆ ನಾಲ್ಕೂವರೆ ಸೆಂಟಿಮೀಟರ್. ಹತ್ತಿರ ಹತ್ತಿರ ಎರಡು ಪಟ್ಟು ಆಯಿತು.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ತಿರುಗುವ ಡ್ರಮ್ಮಿನಲ್ಲಿ ಕೂಡಿಟ್ಟ ಶಕ್ತಿ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 900ರಿಂದ 500ಕ್ಕೆ ಇಳಿಸಿದರೆ ಉಳಿಯುವುದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೊದಲು ಗುಡ್ಡೆ ಬಂದರೆ ಡ್ರಮ್ ತನ್ನ ಓಟದ ಬಲದಲ್ಲೇ ಅದನ್ನು ಜಗಿದು ಹಿಂದಕ್ಕೆ ತಳ್ಳುತ್ತಿತ್ತು. ಈಗ ಅದೇ ಗುಡ್ಡೆ ಬಂದರೆ ಡ್ರಮ್ ಉಸಿರು ಕಟ್ಟಿ ನಿಲ್ಲುತ್ತದೆ. ಗುಡ್ಡೆ ಮೊದಲೂ ಬರುತ್ತಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ ಅಷ್ಟೇ. ಹಾಗಾಗಿ 500 ಸುತ್ತು ಹಾಗೇ ಇರಲಿ. 400ರಿಂದ 600ರ ಒಳಗೆ ಕಡಲೆ ಚೆನ್ನಾಗಿ ಬಿಡುತ್ತದೆ. ನಾವು ಮಾಡಬೇಕಾದ್ದು ಗುಡ್ಡೆ ಬರದಂತೆ ನೋಡಿಕೊಳ್ಳುವುದು, ಬಂದ ಸರಕು ಎಲ್ಲೂ ತಡೆಯದೆ ಹಿಂದಕ್ಕೆ ಜಾರುವಂತೆ ಮಾಡುವುದು.

ಒಂದು ಕೆಲಸ ಇವತ್ತೇ ಮಾಡಿ. ಡ್ರಮ್ ಸ್ಪೀಡನ್ನು ಕ್ಯಾಬಿನ್ನಿನ ಮೀಟರ್ ನೋಡಿ ನಂಬಬೇಡಿ. ಪುಲ್ಲಿ ಬದಲಿಸಿದ್ದೀರಿ, ಮೀಟರ್ ಯಾವ ಶಾಫ್ಟಿನಿಂದ ಓದುತ್ತದೆ ಅನ್ನುವುದರ ಮೇಲೆ ಅದು ಸುಳ್ಳು ಹೇಳುತ್ತಿರಬಹುದು. ಮಿಷನ್ ನಿಂತಿರುವಾಗ ಡ್ರಮ್ ಶಾಫ್ಟಿನ ತುದಿಗೆ ಮಿನುಗುವ ಟೇಪ್ ಅಂಟಿಸಿ. ಆಮೇಲೆ ಚಾಲೂ ಮಾಡಿ, ಕೈಯಲ್ಲಿ ಹಿಡಿದು ಸುತ್ತು ಅಳೆಯುವ ಟ್ಯಾಕೋಮೀಟರ್ ಬಳಸಿ, ದೂರ ನಿಂತೇ ಅಳೆಯಿರಿ. ಖಾಲಿ ಓಡುವಾಗ ಒಮ್ಮೆ, ಕಡಲೆ ಕೊಯ್ಯುವಾಗ ಒಮ್ಮೆ. ಎರಡರ ನಡುವೆ ತುಂಬಾ ವ್ಯತ್ಯಾಸ ಇದ್ದರೆ ಬೆಲ್ಟ್ ಜಾರುತ್ತಿದೆ. ಡ್ರಮ್ಮಿಗೆ ದೊಡ್ಡ ಪುಲ್ಲಿ ಹಾಕಿದಾಗ ಸಣ್ಣ ಪುಲ್ಲಿಯ ಮೇಲೆ ಬೆಲ್ಟಿನ ಹಿಡಿತ ಕಡಿಮೆ ಆಗುತ್ತದೆ. ಬೆಲ್ಟಿನ ಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಸುಟ್ಟ ರಬ್ಬರ್ ವಾಸನೆ ಬರುತ್ತಿದ್ದರೆ ಮೊದಲು ಟೆನ್ಷನರ್ ಸರಿಮಾಡಿ.

ಈಗ ಗುಡ್ಡೆ ಹುಟ್ಟುವ ಜಾಗಕ್ಕೆ ಬರೋಣ. ಜೆಜಿ-11 ಗಿಡ್ಡ ಗಿಡ, ಪಕ್ಕಕ್ಕೆ ಹರಡುತ್ತದೆ. ಗೋಧಿಯ ಉದ್ದ ಹುಲ್ಲು ಕತ್ತರಿಸಿದ ಕೂಡಲೇ ಅಗರ್ (ಸರಕನ್ನು ನಡುವಿಗೆ ಎಳೆಯುವ ಸುರುಳಿ) ಮೇಲೆ ತಾನೇ ಬೀಳುತ್ತದೆ. ಕಡಲೆ ಗಿಡ ಹಾಗೆ ಬೀಳುವುದಿಲ್ಲ. ಕಟರ್ ಬಾರಿಗೂ ಅಗರ್‌ಗೂ ನಡುವಿನ ಜಾಗದಲ್ಲಿ ಕೂತುಬಿಡುತ್ತದೆ. ಹಿಂದಿನಿಂದ ಇನ್ನಷ್ಟು ಗಿಡ ಬಂದು ತಳ್ಳುವವರೆಗೆ ಅಲ್ಲೇ ಇರುತ್ತದೆ. ಸಾಕಷ್ಟು ಸೇರಿದ ಮೇಲೆ ಒಂದೇ ಸಲ ಅಗರ್ ಎಳೆದುಕೊಳ್ಳುತ್ತದೆ. ಅದೇ ನಿಮ್ಮ ಗುಡ್ಡೆ. ಆಪರೇಟರ್ ಪಕ್ಕ ನಿಂತು ಹೆಡರ್ (ಮುಂದಿನ ಕೊಯ್ಯುವ ಭಾಗ) ಕಡೆ ಸ್ವಲ್ಪ ಹೊತ್ತು ನೋಡಿ, ಕಣ್ಣಿಗೇ ಕಾಣುತ್ತದೆ. ಹೆಡರ್‌ನಲ್ಲಿ ಗುಡ್ಡೆ ಹೋದ ಸ್ವಲ್ಪ ಹೊತ್ತಿಗೆ ಡ್ರಮ್ ಗುರ್ ಅನ್ನುತ್ತದೆ.

ಇದಕ್ಕೆ ಮದ್ದು ರೀಲಿನಲ್ಲಿದೆ, ಅಂದರೆ ಗಿಡವನ್ನು ಒಳಗೆ ಬಾಗಿಸುವ ಮುಂದಿನ ತಿರುಗುವ ಚಕ್ರದಲ್ಲಿ. ರೀಲಿನ ಹಲಗೆಗಳಿಗೆ ಹಳೆ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿ ಕಟ್ಟಿ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಿರುವುದರಿಂದ ಇಂಥ ಬೆಲ್ಟಿನ ತುಂಡು ಗುಜರಿಯಲ್ಲಿ ಸಿಗುತ್ತದೆ. ಪಟ್ಟಿ ಕಟರ್ ಬಾರಿನ ಹಿಂದಿನ ತಗಡನ್ನು ಗುಡಿಸಿದ ಹಾಗೆ ಸವರಿಕೊಂಡು ಹೋಗಬೇಕು, ಬ್ಲೇಡಿಗೆ ತಾಗಬಾರದು. ಪ್ರತಿ ಸುತ್ತಿಗೂ ಗಿಡ ಅಗರ್ ಕಡೆ ತಳ್ಳಿಸಿಕೊಂಡರೆ ಗುಡ್ಡೆ ಕಟ್ಟಲು ಅವಕಾಶವೇ ಇರುವುದಿಲ್ಲ. ರೀಲ್ ಸ್ಪೀಡ್ ಮಿಷನ್ ನಡೆಯುವ ಸ್ಪೀಡಿಗಿಂತ ಸ್ವಲ್ಪವೇ ಜಾಸ್ತಿ ಇರಲಿ. ತೀರಾ ಜಾಸ್ತಿ ಮಾಡಿದರೆ ಕಾಯಿ ಉದುರಿ ನೆಲ ಸೇರುತ್ತದೆ.

ಅಗರ್ ಅನ್ನು ತಗಡಿನ ಹತ್ತಿರಕ್ಕೆ ಇಳಿಸಿ. ಅಗರ್ ನಡುವೆ ಒಳಗೆ ಹೊರಗೆ ಆಡುವ ಬೆರಳುಗಳಿವೆಯಲ್ಲ, ಅವು ಮುಂದೆ ಕೆಳಗೆ ಪೂರ್ತಿ ಹೊರಬಂದು ಗಿಡ ಹಿಡಿಯಬೇಕು, ಫೀಡರ್ ಬಾಯಿಗೆ ಬಂದಾಗ ಒಳಗೆ ಸರಿದು ಬಿಡಬೇಕು. ಬಹಳ ಹಳೆ ಮಿಷನ್‌ಗಳಲ್ಲಿ ಈ ಟೈಮಿಂಗ್ ತಪ್ಪಿರುತ್ತದೆ ಅಥವಾ ನಾಲ್ಕಾರು ಬೆರಳು ಮುರಿದೇ ಹೋಗಿರುತ್ತವೆ. ಬೆರಳು ತಡವಾಗಿ ಒಳಗೆ ಹೋದರೆ ಗಿಡವನ್ನು ಮತ್ತೆ ಸುತ್ತಿಸಿಕೊಂಡು ಮುಂದಕ್ಕೆ ಎಸೆಯುತ್ತದೆ. ಇದು ಕೆಲವು ನೂರು ರೂಪಾಯಿಯ ಬೆರಳು. ಇದನ್ನು ಬಿಟ್ಟು ಜಾಳಿಗೆ ಕತ್ತರಿಸಲು ಹೊರಟರೆ ನಷ್ಟ ನಿಮ್ಮದೇ.

ಮಿಷನ್ ನಡೆಸುವ ಸ್ಪೀಡ್ ಬಗ್ಗೆಯೂ ಒಂದು ಮಾತು. ಜಾಮ್ ಆಗುತ್ತದೆ ಅನ್ನುವ ಹೆದರಿಕೆಗೆ ಆಪರೇಟರ್ ತೀರಾ ನಿಧಾನ ಹೋಗುತ್ತಾನೆ. ತೆಳ್ಳಗಿನ ಕಡಲೆಯಲ್ಲಿ ಇದರಿಂದ ಉಲ್ಟಾ ಆಗುತ್ತದೆ. ಹಿಂದಿನಿಂದ ತಳ್ಳುವ ಗಿಡ ಸಾಲದೆ ಕಟರ್ ಬಾರಿನ ಮೇಲೇ ಜಾಸ್ತಿ ಹೊತ್ತು ಕೂರುತ್ತದೆ. ಗಂಟೆಗೆ 3–4 ಕಿಲೋಮೀಟರ್, ಒಂದೇ ಸಮ ಹೋಗಲಿ. ನಿಲ್ಲಿಸಿ ನಿಲ್ಲಿಸಿ ಹೋಗುವುದು ಬೇಡವೇ ಬೇಡ.

ಇನ್ನು ಫೀಡರ್. ಚೈನ್ ಸಡಿಲವಾಗಿದ್ದರೆ ಅದರ ಅಡ್ಡಪಟ್ಟಿಗಳು ಸರಕಿನ ಮೇಲೆ ಹಾರಿ ಹೋಗುತ್ತವೆ, ಎಳೆಯುವುದಿಲ್ಲ. ಬಾಗಿದ ಪಟ್ಟಿ ಇದ್ದರೆ ಒಂದು ಬದಿ ಎಳೆಯುತ್ತದೆ, ಇನ್ನೊಂದು ಬದಿ ನಿಲ್ಲುತ್ತದೆ. ಎರಡೂ ಚೈನಿನ ಟೆನ್ಷನ್ ಒಂದೇ ಇರಬೇಕು, ಮುಂದಿನ ರೋಲರ್ ಮೇಲೆ ಕೆಳಗೆ ಸಲೀಸಾಗಿ ತೇಲಬೇಕು. ತೇಲುವ ಆ ತೋಳು ಎರೆ ಮಣ್ಣು, ಗ್ರೀಸ್ ಸೇರಿ ಬಿಗಿದುಕೊಂಡಿರುವುದು ನಮ್ಮ ಕಡೆ ಬಹಳ ಸಾಮಾನ್ಯ.

ಡ್ರಮ್ಮಿನ ಮುಂದೆ ಕಲ್ಲು ಬೀಳುವ ಗುಂಡಿ ಇದ್ದರೆ ಅದನ್ನು ದಿನಾ ಖಾಲಿ ಮಾಡಿಸಿ. ಕಡಲೆ ನೆಲಕ್ಕೆ ಹತ್ತಿ ಕೊಯ್ಯುವ ಬೆಳೆ. ಡೋಣಿ ಹೊಳೆ ಸಾಲಿನ ಎರೆಯಲ್ಲಿ ಕಲ್ಲಿಗಿಂತ ಹೆಂಟೆಯೇ ಜಾಸ್ತಿ. ಗುಂಡಿ ತುಂಬಿ ಮಣ್ಣು ಗಟ್ಟಿಯಾದರೆ ಡ್ರಮ್ ಬಾಯಿಯಲ್ಲೇ ಒಂದು ದಿಣ್ಣೆ ಎದ್ದಂತೆ.

ಇಲ್ಲಿಂದ ಮುಂದೆ ನೀವು ಕೇಳಿದ ಜಾಗ. ಫೀಡರಿನ ತಗಡು ಮುಗಿದು ಕಾನ್ಕೇವಿನ ಮೊದಲ ಪಟ್ಟಿ ಶುರುವಾಗುತ್ತದಲ್ಲ, ಆ ಒಂದು ಗೇಣು ಜಾಗವನ್ನು ಬ್ಯಾಟರಿ ಹಿಡಿದು ಸರಿಯಾಗಿ ನೋಡಿ. ಇಡೀ ಮಿಷನ್ನಿನಲ್ಲಿ ಸರಕಿನ ಓಟ ತಪ್ಪುವ ಮುಖ್ಯ ಜಾಗ ಅದೇ. ಹಳೆ ಮಿಷನ್ನಿನಲ್ಲಿ ಅಲ್ಲಿಯ ತಗಡು ಸವೆದು ತೆಳ್ಳಗಾಗಿರುತ್ತದೆ, ಕೆಳಗೆ ಬಾಗಿರುತ್ತದೆ. ಯಾರೋ ಮೊದಲು ರಿಪೇರಿ ಮಾಡಿದ್ದರೆ ತುಂಡು ತಗಡಿನ ಅಂಚು ಮುಂದಕ್ಕೆ ಎದ್ದು ನಿಂತಿರುತ್ತದೆ. ಗೋಧಿ ಹುಲ್ಲು ಉದ್ದ, ಆ ಸಂದನ್ನು ಹಾರಿ ಹೋಗುತ್ತದೆ. ಕಡಲೆಯ ಗಿಡ್ಡ ಗಟ್ಟಿ ಕಡ್ಡಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕಡ್ಡಿ ಸಿಕ್ಕಿದರೆ ಅದಕ್ಕೆ ಇನ್ನೊಂದು ತೊಡರಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಲು ಸುಲಭದ ಉಪಾಯ ಇದೆ. ಆ ತಗಡು, ಕಾನ್ಕೇವಿನ ಮೊದಲ ಮೂರು ನಾಲ್ಕು ಪಟ್ಟಿ, ಡ್ರಮ್ ಮೇಲಿನ ಕವರಿನ ಒಳಬದಿ, ಇವಿಷ್ಟಕ್ಕೆ ತಿಳಿ ಬಣ್ಣದ ಸ್ಪ್ರೇ ಪೇಂಟ್ ಹೊಡೆಯಿರಿ. ಒಣಗಿದ ಮೇಲೆ ಅರ್ಧ ಗಂಟೆ ಕಡಲೆ ಕೊಯ್ದು, ಮಿಷನ್ ಬಂದ್ ಮಾಡಿ ತೆರೆದು ನೋಡಿ. ಸರಕು ಉಜ್ಜಿಕೊಂಡು ಹೋದ ಕಡೆ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತದೆ. ಸರಕು ನಿಂತ ಕಡೆ ಪೇಂಟ್ ಹಾಗೇ ಇರುತ್ತದೆ, ಮೇಲೆ ಕಪ್ಪು ಧೂಳಿನ ಪದರ ಕೂತಿರುತ್ತದೆ. ಒಂದು ಬದಿ ಹೊಳೆದು ಇನ್ನೊಂದು ಬದಿ ಹಾಗೇ ಇದ್ದರೆ ಸರಕು ಒಂದೇ ಕಡೆ ಹೋಗುತ್ತಿದೆ. ಡ್ರಮ್ ಮೇಲಿನ ಕವರಿನ ಒಳಗೆ ಪೇಂಟ್ ಉಜ್ಜಿ ಹೋಗಿದ್ದರಂತೂ ಡ್ರಮ್ ಸರಕನ್ನು ಹಿಂದಕ್ಕೆ ಬಿಡದೆ ತನ್ನ ಮೈಮೇಲೇ ಸುತ್ತಿಸಿಕೊಂಡು ಮತ್ತೆ ಮುಂದಕ್ಕೆ ತರುತ್ತಿದೆ ಅಂತ ಖಾತ್ರಿ. ಫಿಟ್ಟರ್ ಜೊತೆ ಗಂಟೆಗಟ್ಟಲೆ ವಾದ ಮಾಡುವುದಕ್ಕಿಂತ ಈ ಪೇಂಟ್ ಒಳ್ಳೆಯ ಸಾಕ್ಷಿ.

ತಗಡು ಸವೆದಿದ್ದರೆ 3 ಮಿಲಿಮೀಟರ್ ದಪ್ಪದ ಹೊಸ ತಗಡು ಹಾಕಿಸಿ. ಮನೆಗೆ ಹಂಚು ಹೊಚ್ಚುವಾಗ ಮೇಲಿನ ಹಂಚು ಕೆಳಗಿನದರ ಮೇಲೆ ಬರುತ್ತದಲ್ಲ, ಅದೇ ಲೆಕ್ಕ. ಸರಕು ಬರುವ ಕಡೆಯ ತಗಡು ಮೇಲೆ, ಹೋಗುವ ಕಡೆಯದು ಕೆಳಗೆ. ಎಲ್ಲೂ ಅಂಚು ಎದುರಾಗಿ ನಿಲ್ಲಬಾರದು. ಬೋಲ್ಟ್ ತಲೆ ಚಪ್ಪಟೆ ಇರಲಿ, ತಗಡಿನ ಒಳಗೆ ಮುಳುಗಲಿ. ತಗಡಿನ ಕೊನೆ ಕಾನ್ಕೇವಿನ ಮೊದಲ ಪಟ್ಟಿಗಿಂತ ಕೂದಲೆಳೆಯಷ್ಟು ಮೇಲೆ ಇದ್ದರೆ ಸರಿ, ಕೆಳಗೆ ಇರಬಾರದು. ಎಲ್ಲ ಕೂರಿಸಿದ ಮೇಲೆ ಕಾನ್ಕೇವನ್ನು ಪೂರ್ತಿ ಮೇಲೆತ್ತಿ, ಡ್ರಮ್ಮನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಬಾರ್ ಎಲ್ಲೂ ತಗಡಿಗೆ ತಾಗಬಾರದು. ಇಷ್ಟು ಮಾಡಿದ ಮೇಲೆ ಅರ್ಧಕ್ಕರ್ಧ ಮಿಷನ್‌ಗಳಲ್ಲಿ ಮುಂದಿನ ಯಾವ ಕತ್ತರಿಯೂ ಬೇಕಾಗುವುದಿಲ್ಲ ಅನ್ನುವುದು ನನ್ನ ಅನುಭವ.

ಈಗ ಡ್ರಮ್. ನಿಮ್ಮ ಫಿಟ್ಟರ್ ಪ್ಲೇಟ್ ಹಾಕೋಣ ಅಂದಿದ್ದು ತಿಳಿದೇ ಹೇಳಿದ ಮಾತು. ಎರಡು ರಾಸ್ಪ್ ಬಾರುಗಳ ನಡುವೆ ಖಾಲಿ ಜಾಗ ಇರುತ್ತದೆ. ಗಿಡ್ಡ ಸರಕು ಆ ಸಂದಿಯಲ್ಲಿ ಡ್ರಮ್ಮಿನ ಹೊಟ್ಟೆಯೊಳಗೆ ನುಗ್ಗುತ್ತದೆ, ಅಲ್ಲಿಂದ ಎಲ್ಲೆಲ್ಲಿಗೋ ಎಸೆಯಲ್ಪಡುತ್ತದೆ, ಸ್ವಲ್ಪ ಮುಂದಕ್ಕೂ ಬರುತ್ತದೆ. ಆ ಸಂದಿಗೆ ತಗಡು ಮುಚ್ಚಿದರೆ ಸರಕು ಡ್ರಮ್ಮಿಗೂ ಕಾನ್ಕೇವಿಗೂ ನಡುವೆಯೇ ಉಳಿದು ಹಿಂದಕ್ಕೆ ಹೋಗುತ್ತದೆ. ಡ್ರಮ್ಮಿಗೆ ಸ್ವಲ್ಪ ತೂಕವೂ ಸೇರುತ್ತದೆ, ನಿಧಾನದ ಸ್ಪೀಡಿನಲ್ಲಿ ಅದು ಲಾಭವೇ.

ಆದರೆ ಮಾಡುವ ರೀತಿ ಮುಖ್ಯ. ತಗಡು ಬಾರಿನ ಮೇಲ್ಮಟ್ಟಕ್ಕಿಂತ ಒಂದು ಬೆರಳಷ್ಟಾದರೂ ಕೆಳಗಿರಬೇಕು. ಸಮಸಮ ಮಾಡಿದರೆ ಬಾರಿಗೆ ಸರಕು ಹಿಡಿಯಲು ಆಗುವುದಿಲ್ಲ, ಡ್ರಮ್ ಜಾರುತ್ತದೆ. ಎಲ್ಲ ತಗಡನ್ನೂ ಒಂದೇ ಅಳತೆಗೆ ಕತ್ತರಿಸಿ ತಕ್ಕಡಿಯಲ್ಲಿ ತೂಗಿ. ಎದುರು ಬದುರಿನ ಎರಡು ತಗಡಿನ ತೂಕ ಒಂದೇ ಇರಲಿ, ಬೋಲ್ಟು ವಾಷರು ಸೇರಿಸಿ. ಡ್ರಮ್ ಬ್ಯಾಲೆನ್ಸ್ ತಪ್ಪಿದರೆ ಮೊದಲು ಬೇರಿಂಗ್ ಹೋಗುತ್ತದೆ, ಆಮೇಲೆ ಶಾಫ್ಟ್. ಬೋಲ್ಟ್ ಗಟ್ಟಿ ದರ್ಜೆಯದ್ದೇ ಹಾಕಿ, ಲಾಕ್ ನಟ್ ಹಾಕಿ. ವೆಲ್ಡ್ ಯಾಕೆ ಬೇಡ ಅಂದರೆ, ಬಿಸಿಗೆ ಡ್ರಮ್ಮಿನ ಚಕ್ರಗಳು ಎಳೆದುಕೊಂಡು ಸೊಟ್ಟ ಆಗುತ್ತವೆ. ಮುಂದೆ ಬಾರ್ ಬದಲಿಸುವಾಗ ತಗಡು ಬಿಚ್ಚಲೂ ಬರುವುದಿಲ್ಲ.

ಎರೆ ನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಸುತ್ತ ತಗಡು ಮುಚ್ಚಿದ ಡ್ರಮ್ಮಿನ ಎರಡು ತುದಿಯನ್ನು ಅರೆಬರೆ ಮುಚ್ಚಬೇಡಿ. ಮುಚ್ಚಿದರೆ ಪೂರ್ತಿ ಮುಚ್ಚಿ. ಇಲ್ಲವಾದರೆ ಮಣ್ಣು ತೆಗೆಯಲು ಬರುವಂತೆ ತುದಿ ತೆರೆದಿರಲಿ. ಸಣ್ಣ ಸಂದಿಯಿಂದ ಒಳಹೋದ ಮಣ್ಣು ಹೊರಬರುವುದಿಲ್ಲ, ಒಂದೇ ಕಡೆ ಗಟ್ಟಿಯಾಗಿ ಕೂರುತ್ತದೆ. ಮಿಷನ್ ಗಡಗಡ ನಡುಗಲು ಶುರುವಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಡ್ರಮ್ ತೆರೆದಾಗ ಬಾರುಗಳ ಗೆರೆ ಯಾವ ಕಡೆ ವಾಲಿವೆ ನೋಡಿ. ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಒಂದು ಬಿಟ್ಟು ಒಂದು ಇರಬೇಕು. ಹಳೆ ಮಿಷನ್ನಿನಲ್ಲಿ ಒಂದೆರಡು ಬಾರ್ ಬದಲಿಸಿದವರು ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿರುತ್ತಾರೆ. ಒಂದೇ ಕೈಯ ಬಾರುಗಳು ಜಾಸ್ತಿ ಆದರೆ ಸರಕು ಒಂದು ಬದಿಗೆ ಸರಿಯುತ್ತದೆ. ಹಿಂದೆ ಸ್ಟ್ರಾ ವಾಕರ್ (ಹೊಟ್ಟು ಅಲ್ಲಾಡಿಸಿ ಹೊರಗೆ ಸಾಗಿಸುವ ಭಾಗ) ಮೇಲೆ ಹೊಟ್ಟು ಒಂದೇ ಕಡೆ ದಪ್ಪಗೆ ಬರುತ್ತಿದ್ದರೆ ಇದನ್ನು ಮೊದಲು ನೋಡಿ. ಬದಲಿಸುವಾಗ ಒಂದೇ ಬಾರ್ ಬದಲಿಸಬೇಡಿ, ಎದುರಿನ ಜೋಡಿಯನ್ನೂ ಬದಲಿಸಿ.

ಮುಳ್ಳಿನ ಡ್ರಮ್ ಹಸಿ ಭತ್ತಕ್ಕೆ ಚೆನ್ನ. ಗಂಗಾವತಿ ಕಡೆಯ ಗದ್ದೆಗೆ ಅದು ಬೇಕು. ಒಣ ಕಡಲೆಯಲ್ಲಿ ಅದು ಗಿಡವನ್ನು ಹರಿದು ಪುಡಿ ಮಾಡುತ್ತದೆ. ಆ ಪುಡಿ ಎಲ್ಲ ಜರಡಿಗೆ ಇಳಿದು ಅಲ್ಲಿ ಹೊಸ ಜಾಮ್ ಶುರುವಾಗುತ್ತದೆ. ಅದಕ್ಕೆ ಹಾಕುವ ದುಡ್ಡಿನಲ್ಲಿ ನಾನು ಮೇಲೆ ಹೇಳಿದ್ದೆಲ್ಲ ಮುಗಿದು ಇನ್ನೂ ಉಳಿಯುತ್ತದೆ.

ಕಾನ್ಕೇವ್. ತಂತಿ ಮಾತು ಆಮೇಲೆ, ಮೊದಲು ಸಂದು ಅಳೆಯಿರಿ. ಲಿವರ್ ಪಕ್ಕದ ಗುರುತು ನಂಬಬೇಡಿ. ಎಡ ಮುಂದೆ, ಎಡ ಹಿಂದೆ, ಬಲ ಮುಂದೆ, ಬಲ ಹಿಂದೆ, ನಾಲ್ಕು ಕಡೆ ಅಳೆಯಬೇಕು. ಬೇರೆ ಬೇರೆ ದಪ್ಪದ ಕಬ್ಬಿಣದ ಸರಳು ಇಟ್ಟುಕೊಂಡರೆ ಸಾಕು. ಡ್ರಮ್ ತಿರುಗಿಸಿ ಎಲ್ಲಕ್ಕಿಂತ ಎತ್ತರದ ಬಾರನ್ನು ಹುಡುಕಿ, ಅದರಿಂದಲೇ ಅಳೆಯಿರಿ. ಕಡಲೆಗೆ ಶುರುವಿಗೆ ಮುಂದೆ 20ರಿಂದ 25 ಮಿಲಿಮೀಟರ್, ಹಿಂದೆ 12ರಿಂದ 15 ಇಡಿ. ಮುಂದೆ ಅಗಲ, ಹಿಂದೆ ಕಿರಿದು ಇರಲೇಬೇಕು. ಬಾಯಿ ದೊಡ್ಡದಿದ್ದರೆ ಸರಕು ಒಳಗೆ ಬರುತ್ತದೆ, ಹೋಗುತ್ತಾ ಹೋಗುತ್ತಾ ತೆಳ್ಳಗಾಗುತ್ತದೆ. ನಿಮ್ಮದು ಗೋಧಿಯ ಸಂದಿನಲ್ಲೇ ಇದ್ದರೆ ಬಾಯಿ 12–15 ಮಿಲಿಮೀಟರ್ ಮಾತ್ರ ತೆರೆದಿರುತ್ತದೆ. ಅಂಥ ಬಾಯಿಗೆ ಕಡಲೆಯ ಗುಡ್ಡೆ ಹೋಗಿ ಸಿಕ್ಕಿಕೊಳ್ಳುವುದರಲ್ಲಿ ಆಶ್ಚರ್ಯ ಏನಿಲ್ಲ. ಎಡ ಬಲ ಒಂದೇ ಮಟ್ಟ ಬರದಿದ್ದರೆ ತೂಗುವ ರಾಡುಗಳ ನಟ್ಟಿನಲ್ಲಿ ಸರಿಮಾಡಿ. ರಾಡಿನ ತೂತು ಸವೆದು ಉದ್ದ ಆಗಿದ್ದರೆ ಬುಷ್ ಹಾಕಿಸಿ.

ಜೊತೆಗೆ, ಗೋಧಿಯ ತೆನೆ ಚೆನ್ನಾಗಿ ಬಿಡಲಿ ಅಂತ ಕಾನ್ಕೇವಿನ ಮೊದಲ ಕೆಲವು ಸಾಲಿನ ಕೆಳಗೆ ಮುಚ್ಚುವ ಪಟ್ಟಿ ಹಾಕಿರುತ್ತಾರೆ. ಪಂಜಾಬಿನಿಂದ ಬಂದ ಮಿಷನ್ ಆದ್ದರಿಂದ ನಿಮ್ಮದರಲ್ಲೂ ಇರಬಹುದು. ಕಡಲೆಗೆ ಅದು ಬೇಡ, ಬಿಚ್ಚಿಬಿಡಿ. ಬಿಟ್ಟ ಕಾಳು ಆದಷ್ಟು ಬೇಗ ಕೆಳಗೆ ಇಳಿಯಬೇಕು. ಇಳಿಯಲು ದಾರಿ ಇಲ್ಲದ ಕಾಳಿಗೆ ಮತ್ತೆ ಮತ್ತೆ ಹೊಡೆತ ಬಿದ್ದೇ ಅದು ಬೇಳೆ ಆಗುವುದು.

ಈಗ ತಂತಿ. ಕಡಲೆ, ಗೋವಿನಜೋಳದಂಥ ದಪ್ಪ ಕಾಳಿಗೆ ಒಂದು ಬಿಟ್ಟು ಒಂದು ತಂತಿ ತೆಗೆಯುವುದು ಬೇರೆ ದೇಶಗಳಲ್ಲೂ ನಡೆಯುವ ಪದ್ಧತಿ, ತಪ್ಪೇನಲ್ಲ. ನನ್ನ ತಕರಾರು ಎರಡು. ಇದರಿಂದ ಕಾಳು ಬೇಗ ಇಳಿಯುತ್ತದೆ, ಒಡೆಯುವುದು ಕಡಿಮೆ ಆಗುತ್ತದೆ. ಆದರೆ ಮುಂದಿನಿಂದ ಬರುವ ಗುಡ್ಡೆಗೆ ಇದು ಮದ್ದಲ್ಲ. ನಿಮ್ಮ ದೊಡ್ಡ ದೂರು ಜಾಮ್, ಅಲ್ವಾ? ಎರಡನೆಯದು, ಕಡಲೆ ಮುಗಿದ ಮೇಲೆ ನೀವು ಗೋಧಿಗೂ ಬಾಡಿಗೆಗೆ ಹೋಗುವವರು. ತಂತಿ ಕತ್ತರಿಸಿದ ಜಾಳಿಗೆಯಲ್ಲಿ ಗೋಧಿಯ ಬಿಡದ ತೆನೆಗಳು ಸೀದಾ ಕೆಳಗೆ ಬೀಳುತ್ತವೆ. ಟ್ಯಾಂಕಿನಲ್ಲಿ ತುಂಡು ತೆನೆ ಕಂಡರೆ ರೈತ ಬಾಡಿಗೆ ದುಡ್ಡು ಕೊಡದೆ ಹಿಡಿದುಕೊಳ್ಳುತ್ತಾನೆ.

ಹಾಗಾಗಿ ಮೇಲಿನದೆಲ್ಲ ಮಾಡಿ, 500 ಸುತ್ತಿನಲ್ಲೂ ಕಾಳು ಇನ್ನೂ ಒಡೆಯುತ್ತಿದ್ದರೆ ಮಾತ್ರ ಒಂದು ಹಳೆ ಕಾನ್ಕೇವ್ ಹುಡುಕಿ ಅದಕ್ಕೆ ಈ ಕೆಲಸ ಮಾಡಿಸಿ. ಗುಜರಿ ಮಿಷನ್‌ಗಳಿಂದ ಸಿಗುತ್ತದೆ. ತಂತಿಯನ್ನು ಕತ್ತರಿಸಿ ಬಿಸಾಡಬೇಡಿ. ತುದಿಯ ವೆಲ್ಡ್ ಮಾತ್ರ ಗ್ರೈಂಡರಿನಲ್ಲಿ ತೆಗೆದು ಉದ್ದಕ್ಕೆ ಎಳೆದರೆ ಪೂರ್ತಿ ತಂತಿ ಬರುತ್ತದೆ, ಮುಂದೆ ಬೇಕಾದರೆ ವಾಪಸ್ ಹಾಕಬಹುದು. ಕೆಲಸ ಹಿಂದಿನ ಅರ್ಧದಲ್ಲಿ ಶುರುಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನ ಅರ್ಧ. ಮುಂದಿನ ಅರ್ಧದಲ್ಲಿ ತೆಗೆದರೆ ಬಿಡದ ಕಾಯಿಯೂ ಕಾಳಿನ ಜೊತೆ ಇಳಿಯುತ್ತದೆ.

ಬಿಡದ ಕಾಯಿ ಇಳಿದರೆ ಏನಾಗುತ್ತದೆ? ಜರಡಿಯ ತುದಿಯಿಂದ ರಿಟರ್ನ್ ಎಲಿವೇಟರಿಗೆ ಹೋಗಿ ಮತ್ತೆ ಡ್ರಮ್ಮಿಗೆ ಬರುತ್ತದೆ. ಈ ರಿಟರ್ನ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ನಾನಂತೂ ಪ್ರತಿ ಮಿಷನ್ನಿನಲ್ಲಿ ಇದನ್ನು ತೆರೆದು ನೋಡಿ ಅನ್ನುತ್ತೇನೆ. ಅದರಲ್ಲಿ ಬರುತ್ತಿರುವುದನ್ನು ಬೊಗಸೆಯಲ್ಲಿ ಹಿಡಿದು ನೋಡಬೇಕು. ಕಾಯಿಗಿಂತ ಬಿಟ್ಟ ಕಾಳೇ ಜಾಸ್ತಿ ಇದ್ದರೆ ಕೆಳಗಿನ ಜರಡಿ ಬಿಗಿಯಾಗಿದೆ ಅಂತ ಅರ್ಥ. ಒಳ್ಳೆಯ ಕಾಳು ಸುಮ್ನೆ ಎರಡನೇ ಸಲ ಡ್ರಮ್ಮಿಗೆ ಹೋಗಿ ಬೇಳೆ ಆಗಿ ಬರುತ್ತಿದೆ. ಜರಡಿ ಸ್ವಲ್ಪ ತೆರೆದರೆ ಕಾಳು ಒಡೆಯುವುದೂ ಡ್ರಮ್ಮಿನ ಹೊರೆಯೂ ಒಟ್ಟಿಗೆ ಇಳಿಯುತ್ತವೆ.

ಡ್ರಮ್ಮಿನ ಹಿಂದಿನ ಬೀಟರ್ ಮರೆಯಬೇಡಿ. ಅದರ ಬೆಲ್ಟ್ ಎಲ್ಲಿಂದ ಬರುತ್ತದೆ ನೋಡಿ. ಡ್ರಮ್ ಶಾಫ್ಟಿನಿಂದಲೇ ಬರುತ್ತಿದ್ದರೆ, ನೀವು ಡ್ರಮ್ ಸ್ಪೀಡ್ ಇಳಿಸಿದಾಗ ಬೀಟರೂ ಅಷ್ಟೇ ನಿಧಾನ ಆಗಿದೆ. ಡ್ರಮ್ಮಿನಿಂದ ಹೊಟ್ಟು ಬಿಡಿಸಿಕೊಂಡು ವಾಕರ್ ಮೇಲೆ ಎಸೆಯುವುದು ಅದರ ಕೆಲಸ. ಅದು ನಿಧಾನ ಆದರೆ ಹೊಟ್ಟು ಡ್ರಮ್ಮಿನ ಜೊತೆಗೇ ಮೇಲಕ್ಕೆ ಸುತ್ತಿ ಬರುತ್ತದೆ. ಪೇಂಟ್ ಪರೀಕ್ಷೆಯಲ್ಲಿ ಕವರಿನ ಒಳಬದಿ ಹೊಳೆದಿದ್ದರೆ ಇದೇ ಕಾರಣ ಇರಬಹುದು. ಬೀಟರಿಗೆ ಸಣ್ಣ ಪುಲ್ಲಿ ಹಾಕಿ ಅದರ ಹಳೆ ಸ್ಪೀಡ್ ವಾಪಸ್ ತನ್ನಿ. ಪುಲ್ಲಿ ಬದಲಿಸಿದ ಬಹಳ ಜನ ಇದೊಂದನ್ನು ಬಿಟ್ಟಿರುತ್ತಾರೆ.

ಹೊತ್ತಿನ ಮಾತು. ಕಡಲೆ ಗಿಡದ ಹುಳಿ ನಿಮಗೆ ಗೊತ್ತೇ ಇದೆ. ಹಿರಿಯರು ಬೆಳಗಿನ ಇಬ್ಬನಿಯಲ್ಲಿ ಬಟ್ಟೆ ಹಾಸಿ ಹಿಂಡಿ ತೆಗೆಯುತ್ತಿದ್ದರು. ಗಿಡದ ಸಣ್ಣ ರೋಮಗಳಿಂದ ಬರುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಅದು. ಇಬ್ಬನಿ ಆರದೆ ಮಿಷನ್ ಇಳಿಸಿದರೆ ಎಲೆಯ ಪುಡಿ, ಎರೆಯ ಧೂಳು ಎಲ್ಲ ಸೇರಿ ಕಾನ್ಕೇವ್ ತಂತಿಗೆ ಮೆತ್ತಿಕೊಳ್ಳುತ್ತದೆ. ಗಿಡವೂ ಮೆತ್ತಗಿದ್ದು ಹಗ್ಗದಂತೆ ಸುತ್ತುತ್ತದೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಶುರುಮಾಡಿ. ಮಧ್ಯಾಹ್ನ ಕಾಳು ಜಾಸ್ತಿ ಒಡೆಯಲು ಶುರುವಾದರೆ ಡ್ರಮ್ 50 ಸುತ್ತು ಇಳಿಸಿ. ಕಾಳಿನ ತೇವ ಶೇಕಡಾ 12–13 ಇರುವಾಗ ಕೊಯ್ದರೆ ಎರಡೂ ಕಡೆ ಸುಖ.

ಬೈಲಹೊಂಗಲ, ಸವದತ್ತಿ ಕಡೆ ಸೋಯಾಬೀನಿಗೆ ಬಾಡಿಗೆ ಹೋಗುವುದಿದ್ದರೂ ಇದೇ ಸೆಟ್ಟಿಂಗ್ ಹತ್ತಿರ ಹತ್ತಿರ ನಡೆಯುತ್ತದೆ. ಅಲ್ಲಿ ಕಾಂಡ ಹಸಿ ಉಳಿದಿದ್ದರೆ ಮಾತ್ರ ಒಂದೆರಡು ದಿನ ಕಾಯಿರಿ.

ಕೆಲಸ ಮಾಡಿಸುವಾಗಿನ ಜಾಗ್ರತೆ ದಯವಿಟ್ಟು ಓದಿ ಬಿಟ್ಟುಬಿಡಬೇಡಿ. ಬೆಲ್ಟ್ ಬಿಟ್ಟ ಮೇಲೂ ಡ್ರಮ್ ಬಹಳ ಹೊತ್ತು ತಿರುಗುತ್ತದೆ. ಜಾಮ್ ಬಿಡಿಸುವಾಗ ಎಂಜಿನ್ ಬಂದ್ ಮಾಡಿ, ಚಾವಿ ಕೈ ಹಾಕುವವನ ಜೇಬಿನಲ್ಲೇ ಇರಲಿ. ಡ್ರಮ್ ಪೂರ್ತಿ ನಿಂತ ಮೇಲೆ ತೆರೆಯಿರಿ. ಕೈಯಲ್ಲಿ ತಿರುಗಿಸುವಾಗ ಇನ್ನೊಬ್ಬರ ಕೈ ಒಳಗೆ ಇರಬಾರದು. ಹೆಡರ್ ಎತ್ತಿದ್ದರೆ ಸಿಲಿಂಡರಿಗೆ ಲಾಕ್ ಹಾಕಿ, ಜಾಕ್ ಅಥವಾ ಹೈಡ್ರಾಲಿಕ್ ನಂಬಿ ಕೆಳಗೆ ಹೋಗಬೇಡಿ. ವೆಲ್ಡಿಂಗ್ ಮಾಡಲೇಬೇಕಾದರೆ ಮೊದಲು ಹೊಟ್ಟು ಧೂಳು ಎಲ್ಲ ಊದಿ ತೆಗೆಯಿರಿ, ನೀರಿನ ಕೊಡ ಪಕ್ಕದಲ್ಲಿರಲಿ, ಬ್ಯಾಟರಿ ವೈರ್ ಬಿಚ್ಚಿ. ವೆಲ್ಡಿಂಗಿನ ಅರ್ಥ್ ಕ್ಲಿಪ್ಪನ್ನು ಕೆಲಸ ಮಾಡುವ ತುಂಡಿಗೇ ಹಚ್ಚಿ. ದೂರ ಎಲ್ಲೋ ಹಚ್ಚಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ಕಡಲೆಯ ಧೂಳು ಸೈಲೆನ್ಸರ್ ಮೇಲೆ ಕೂತು ಹೊತ್ತಿಕೊಳ್ಳುವುದೂ ಉಂಟು, ದಿನಾ ಗುಡಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಮೇಲೆ ಲೆಕ್ಕ ಹಾಕಿ. ಟ್ಯಾಂಕಿನಿಂದ ಒಂದು ಹಿಡಿ ತೆಗೆದು 100 ಕಾಳು ಎಣಿಸಿ, ಎಷ್ಟು ಒಡೆದಿವೆ ಬರೆದಿಡಿ. ಹಿಂದೆ ನೆಲದ ಮೇಲೆ ಒಂದು ಚದರ ಮೀಟರಿನ ಚೌಕಟ್ಟು ಇಟ್ಟು ಬಿದ್ದ ಕಾಳು ಎಣಿಸಿ. ಜೆಜಿ-11ರ 100 ಕಾಳು ಸುಮಾರು 22 ಗ್ರಾಂ ತೂಗುತ್ತವೆ. ಚೌಕಟ್ಟಿನಲ್ಲಿ ಸರಾಸರಿ 45 ಕಾಳು ಸಿಕ್ಕರೆ ಎಕರೆಗೆ ಸುಮಾರು 40 ಕಿಲೋ ನೆಲದ ಪಾಲು. ಕೊಯ್ದ 14 ಅಡಿಯ ಉದ್ದಕ್ಕೂ ನಾಲ್ಕಾರು ಕಡೆ ಎಣಿಸಿ ಸರಾಸರಿ ತೆಗೆಯಿರಿ, ವಾಕರ್ ಹಿಂದೆ ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮಿಷನ್ ನಿಲ್ಲಿಸಿ ಹಿಂದಕ್ಕೆ ಸರಿಸಿ, ಹೆಡರ್ ಮಾತ್ರ ಹಾದುಹೋದ ಜಾಗದಲ್ಲಿ ಬೇರೆ ಎಣಿಸಿ. ಅಲ್ಲೇ ಜಾಸ್ತಿ ಕಾಳು ಕಾಯಿ ಬಿದ್ದಿದ್ದರೆ ನಷ್ಟ ಹೆಡರಿನದು, ಡ್ರಮ್ಮಿನದಲ್ಲ.

ಮುಂದಿನ ಹಂಗಾಮಿಗೆ ಸಾಧ್ಯವಾದರೆ ಸ್ವಂತ ಹೊಲದ ಒಂದು ಭಾಗಕ್ಕೆ ಜಿಬಿಎಂ-2 ಹಾಕಿ ನೋಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಳಿ, ಎತ್ತರಕ್ಕೆ ನೆಟ್ಟಗೆ ಬೆಳೆಯುತ್ತದೆ, ಮಿಷನ್ ಕಟಾವಿಗೆಂದೇ ಬಂದದ್ದು. ಕಾಯಿ ನೆಲದಿಂದ ಮೇಲೆ ಇರುವುದರಿಂದ ಹೆಡರ್ ಮಣ್ಣು ಕೆರೆಯುವುದಿಲ್ಲ, ಗಿಡ ಅಗರ್ ಮೇಲೆ ಸರಿಯಾಗಿ ಬೀಳುತ್ತದೆ.

ಸದ್ಯಕ್ಕೆ ಬೆರಳು, ರೀಲಿನ ರಬ್ಬರ್, ಫೀಡರ್ ಚೈನ್, ಬಾಯಿಯ ತಗಡು, ಕಾನ್ಕೇವ್ ಸಂದು, ಬೀಟರ್ ಪುಲ್ಲಿ, ಇದೇ ಕ್ರಮದಲ್ಲಿ ಹೋಗಿ. ಇವಿಷ್ಟು ಆದಮೇಲೆ ಪೇಂಟ್ ಹೊಡೆದು ಓಡಿಸಿ, ಫೀಡರ್ ಬಾಯಿ ಮತ್ತು ಡ್ರಮ್ ಕವರಿನ ಒಳಬದಿಯ ಫೋಟೋ ಕಳಿಸಿ. ಜೊತೆಗೆ ಡ್ರಮ್ಮಿನ ವ್ಯಾಸ, ಎರಡು ಬಾರುಗಳ ನಡುವಿನ ಅಂತರ, ಡ್ರಮ್ಮಿನ ಅಗಲ ಅಳೆದು ಬರೆಯಿರಿ. ಪ್ಲೇಟ್ ಬೇಕೇ ಬೇಡವೇ, ಬೇಕಾದರೆ ಯಾವ ಅಳತೆಗೆ ಬಗ್ಗಿಸಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.